ಕ್ರಯ, ಬಾಡಿಗೆ, ಚಂದಾ: ಯಂತ್ರದ ಒಡೆತನದ ಚರಿತ್ರೆಯಲ್ಲಿ ಒಂದು ಹಳೆಯ ವ್ಯಾಜ್ಯ

2022ನೆಯ ಇಸವಿಯ ಜುಲೈ ತಿಂಗಳಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಮೋಟಾರು ಕಂಪೆನಿಯು ದಕ್ಷಿಣ ಕೊರಿಯಾ, ಬ್ರಿಟನ್ ಮೊದಲಾದ ದೇಶಗಳಲ್ಲಿ ತನ್ನ ಕಾರುಗಳ ಮುಂದಿನ ಆಸನಗಳನ್ನು ಬೆಚ್ಚಗಿಡುವ ಸೌಕರ್ಯಕ್ಕೆ ತಿಂಗಳ ಚಂದಾ ಗೊತ್ತುಮಾಡಿದೆಯೆಂಬ ಸುದ್ದಿ ಹೊರಬಿದ್ದಿತು. ಬ್ರಿಟನ್ನಿನಲ್ಲಿ ಈ ಚಂದಾ ತಿಂಗಳಿಗೆ 15 ಪೌಂಡು. ಕಾರನ್ನು ಕೊಳ್ಳುವಾಗಲೇ ಈ ಸೌಕರ್ಯಕ್ಕೆ ಪೂರ್ತಿ ಹಣ ತೆತ್ತವರಿಗೆ ಇದು ಅನ್ವಯಿಸುತ್ತಿರಲಿಲ್ಲವೆಂಬುದು ನಿಜ. ಆದರೆ ಉಳಿದವರ ಕಾರಿನಲ್ಲಿಯೂ ಆಸನದೊಳಗಿನ ಕಾಯುವ ತಂತಿ ಕಾರ್ಖಾನೆಯಿಂದಲೇ ಕೂಡಿಬಂದಿತ್ತು. ಅದು ಕೊಂಡವನ ಕೊಟ್ಟಿಗೆಯಲ್ಲಿ ನಿಂತಿತ್ತು, ಕೊಂಡವನ ಇಂಧನದಿಂದ ಓಡಾಡುತ್ತಿತ್ತು. ಚಂದಾ ಸಲ್ಲದಿದ್ದರೆ ಮಾತ್ರ ತಣ್ಣಗೆ ಬಿದ್ದಿರುತ್ತಿತ್ತು. ಈ ಸುದ್ದಿಯಿಂದ ಹಲವು ದೇಶಗಳಲ್ಲಿ ಎದ್ದ ಆಕ್ರೋಶವು ಹಣದ ಮೊತ್ತಕ್ಕೆ ಹೋಲಿಸಿದರೆ ಬಹಳ ದೊಡ್ಡದೆಂದೇ ಹೇಳಬೇಕು. ಅಂತಹ ಬೆಲೆಯ ಕಾರನ್ನು ಕೊಳ್ಳಬಲ್ಲವರಿಗೆ 15 ಪೌಂಡು ಹೊರೆಯಾಗಿರಲಾರದು. ಹಾಗಾದರೆ ಅವರು ರೇಗಿದ್ದು ಯಾವುದಕ್ಕೆ?

ಈ ಪ್ರಶ್ನೆಗೆ ಉತ್ತರವನ್ನು ಇಂದಿನ ವರ್ತಮಾನದಲ್ಲಿ ಮಾತ್ರ ಹುಡುಕುವುದು ಸಾಲದೆಂದು ನಮಗೆ ತೋರುತ್ತದೆ. ಇದನ್ನು ಕಂಪ್ಯೂಟರು ಯುಗದ ಹೊಸ ಪೀಡೆಯೆಂದು ವರ್ಣಿಸುವುದು ವಾಡಿಕೆಯಾಗಿದೆ. ಆದರೆ ಯಂತ್ರವು ಕೊಂಡವನ ಕೈಯಲ್ಲಿದ್ದೂ ಅದರ ಬಳಕೆಯು ಮಾರಿದವನ ಅಪ್ಪಣೆಯಲ್ಲಿ ಉಳಿಯುವ ಪದ್ಧತಿಯು ಯಂತ್ರಯುಗದಷ್ಟೇ ಹಳೆಯದು. ಅದರ ವಿರುದ್ಧದ ದೂರೂ ಅಷ್ಟೇ ಹಳೆಯದು. ಆ ದೂರಿನ ಸ್ವರೂಪವೇನು, ಜನರು ಯಾವಾಗ ಇಂತಹ ಹಣವನ್ನು ಸುಮ್ಮನೆ ತೆತ್ತರು, ಯಾವಾಗ ತೆರಲೊಲ್ಲದೆ ಹೋದರು ಎಂಬುದನ್ನು ಕೆಲವು ಪ್ರಕರಣಗಳ ಮೂಲಕ ವಿವೇಚಿಸುವುದೇ ಈ ಲೇಖನದ ಉದ್ದೇಶ.

ಮೊದಲು ಮಾತಿನ ವಿಚಾರ. ಕ್ರಯ, ಬಾಡಿಗೆ, ಭೋಗ್ಯ, ಗುತ್ತಿಗೆ, ಗೇಣಿ ಎಂಬ ಶಬ್ದಗಳು ನಮ್ಮ ಪತ್ರವ್ಯವಹಾರದಲ್ಲಿ ಬೇರೆಬೇರೆ ಅರ್ಥದಲ್ಲಿ ನೆಲೆಗೊಂಡಿವೆ; ಒಂದನ್ನು ಇನ್ನೊಂದೆಂದು ಯಾರೂ ತಪ್ಪಿ ತಿಳಿಯುವುದಿಲ್ಲ. ಚಂದಾ ಎಂಬುದು ನಮಗೆ ವಿಶೇಷವಾಗಿ ಪತ್ರಿಕೆಗಳ ಮೂಲಕ ಪರಿಚಿತವಾದ ಮಾತು. ಚಂದಾದಾರನಿಗೆ ತಿಂಗಳಿಗೊಂದು ಹೊಸ ಸಂಚಿಕೆ ಬರುತ್ತದೆ. ಚಂದಾ ನಿಲ್ಲಿಸಿದರೆ ಹೊಸದು ಬರುವುದಿಲ್ಲ, ಆದರೆ ಕಪಾಟಿನಲ್ಲಿರುವ ಹಳೆಯ ಸಂಚಿಕೆಗಳು ಹಾಗೆಯೇ ಉಳಿಯುತ್ತವೆ. ಹಳೆಯವುಗಳ ಅಕ್ಷರ ಅಳಿಸಿಹೋಗುವ ಪತ್ರಿಕೆಗೆ ಯಾರೂ ಚಂದಾ ಕಳುಹಿಸಲಾರರು. ಇಂದು ಕಾರಿಗೂ ಸಾಫ್ಟ್‌ವೇರಿಗೂ ಕೇಳುತ್ತಿರುವುದನ್ನು ಚಂದಾ ಎಂದು ಕರೆಯುವುದು ಈ ದೃಷ್ಟಿಯಿಂದ ಅಷ್ಟು ಸಮಂಜಸವಲ್ಲ. ಬೇರೆ ಮಾತು ರೂಢಿಗೆ ಬಂದಿಲ್ಲವಾದ್ದರಿಂದ ನಾವೂ ಅದನ್ನೇ ಬಳಸುತ್ತೇವೆ.

ಪೂರ್ಣವಾದ ಒಡೆತನವೆಂದರೆ ಏನೆಂಬುದನ್ನು ನಮ್ಮ ಶಾಸನಗಳು ಬಹು ಸ್ಪಷ್ಟವಾಗಿ ಹೇಳಿಟ್ಟಿವೆ. ವಿಜಯನಗರ ಕಾಲದ ದಾನಶಾಸನಗಳಲ್ಲಿ ಭೂಮಿಯನ್ನು ಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳನ್ನು ಎಣಿಸಿಕೊಡುವುದು ವಾಡಿಕೆ. ಇವುಗಳಲ್ಲಿ ಕೊನೆಯ ಮಾತು ಗಮನಾರ್ಹವಾದುದು. ಈಗಾಗಲೇ ಕೈಗೂಡಿರುವುದು ಸಿದ್ಧ. ಅದರಿಂದ ಮುಂದೆ ಸಾಧಿಸಿಕೊಳ್ಳಬಹುದಾದುದು ಸಾಧ್ಯ. ಪಡೆದವನಿಗೆ ಎರಡೂ ಸಲ್ಲಬೇಕೆಂಬುದು ಶಾಸನಕಾರರ ಅಭಿಪ್ರಾಯ. ಕಲ್ಯಾಣದಲ್ಲಿ ಕುಳಿತು ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನೂ ಸ್ವತ್ವವೆಂಬುದು ಶಾಸ್ತ್ರದಿಂದಷ್ಟೇ ತಿಳಿಯತಕ್ಕದ್ದಲ್ಲ, ಲೌಕಿಕವಾದುದೆಂದು ವಾದಿಸಿದನು. ಎಂದರೆ ಜನರ ವ್ಯವಹಾರದಲ್ಲಿ ‘ಇದು ನನ್ನದು’ ಎಂಬುದಕ್ಕೆ ಇರುವ ಅರ್ಥವೇ ಅದರ ಅರ್ಥ. ಕಾರಿನ ಆಸನದ ವ್ಯಾಜ್ಯಕ್ಕೂ ಹನ್ನೆರಡನೆಯ ಶತಮಾನದ ಆಸುಪಾಸಿನ ಧರ್ಮಶಾಸ್ತ್ರಕ್ಕೂ ನೇರ ಸಂಬಂಧವನ್ನು ನಾವು ಕಲ್ಪಿಸುತ್ತಿಲ್ಲ. ಸಿದ್ಧವನ್ನು ಮಾರಿ ಸಾಧ್ಯವನ್ನು ತನ್ನಲ್ಲೇ ಇರಿಸಿಕೊಳ್ಳುವುದು ಹೊಸ ಪದ್ಧತಿಯ ತಿರುಳೆಂಬುದನ್ನು ಸೂಚಿಸಲು ಇದಕ್ಕಿಂತ ಉಚಿತವಾದ ಪರಿಭಾಷೆ ನಮಗೆ ಕಾಣಲಿಲ್ಲ, ಅಷ್ಟೆ.

ಈ ಪದ್ಧತಿಯ ಮೊದಲ ಮಹತ್ತ್ವದ ನಿದರ್ಶನವು ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಪ್ರಾಂತದಲ್ಲಿ ದೊರೆಯುತ್ತದೆ. ಅಲ್ಲಿನ ತಾಮ್ರ ಮತ್ತು ತವರದ ಗಣಿಗಳು ಆಳಕ್ಕೆ ಹೋದಂತೆಲ್ಲ ನೀರು ತುಂಬುತ್ತಿತ್ತು. ಅದನ್ನು ಎತ್ತಿಹಾಕಲು 1712ರಿಂದ ಬಳಕೆಗೆ ಬಂದ ನ್ಯೂಕೊಮೆನ್ನನ ಉಗಿಯಂತ್ರಗಳಿದ್ದವು. ಆದರೆ ಅವು ಕಲ್ಲಿದ್ದಲನ್ನು ಬೇಕಾಬಿಟ್ಟಿ ನುಂಗುತ್ತಿದ್ದವು. ಕಾರ್ನ್‌ವಾಲಿನಲ್ಲಿ ಕಲ್ಲಿದ್ದಲಿಲ್ಲ, ಅದು ವೇಲ್ಸಿನಿಂದ ಸಮುದ್ರಮಾರ್ಗವಾಗಿ ಬರಬೇಕಿತ್ತು. ಹೀಗಿರುವಾಗ ಜೇಮ್ಸ್ ವಾಟನು ಪ್ರತ್ಯೇಕ ಸಾಂದ್ರಕವುಳ್ಳ ತನ್ನ ಯಂತ್ರಕ್ಕೆ 1769ರಲ್ಲಿ ಪೇಟೆಂಟು ಪಡೆದನು. 1775ರಲ್ಲಿ ಪಾರ್ಲಿಮೆಂಟು ವಿಶೇಷ ಶಾಸನದ ಮೂಲಕ ಅದನ್ನು 1800ರವರೆಗೆ ವಿಸ್ತರಿಸಿತು. ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನನೊಡನೆ ವಾಟನು ಕೂಡಿಕೊಂಡದ್ದೂ ಈ ಕಾಲದಲ್ಲಿಯೇ. 1777ರಿಂದ ಅವರ ಯಂತ್ರಗಳು ಕಾರ್ನ್‌ವಾಲಿನಲ್ಲಿ ಕೆಲಸಮಾಡತೊಡಗಿದವು.

ಇವರ ವ್ಯಾಪಾರದ ಕ್ರಮ ವಿಲಕ್ಷಣವಾದುದು. ಅವರು ಇಡೀ ಯಂತ್ರವನ್ನು ಮಾರುತ್ತಿರಲಿಲ್ಲ. ಗಣಿಯವರೇ ಕಬ್ಬಿಣ, ಮರ, ಇಟ್ಟಿಗೆಗಳನ್ನು ತರಬೇಕು. ಸಿಲಿಂಡರನ್ನು ಜಾನ್ ವಿಲ್ಕಿನ್ಸನ್ನನ ಕಾರ್ಖಾನೆಯಿಂದ ಕೊಳ್ಳಬೇಕು. ಕಟ್ಟುವವರಿಗೆ ಕೂಲಿ ಕೊಡಬೇಕು. ಬೋಲ್ಟನ್ ಮತ್ತು ವಾಟರು ನಕ್ಷೆಗಳನ್ನೂ ಕವಾಟ ಮೊದಲಾದ ಕೆಲವು ಸೂಕ್ಷ್ಮ ಭಾಗಗಳನ್ನೂ ಮೇಲ್ವಿಚಾರಕನನ್ನೂ ಒದಗಿಸುತ್ತಿದ್ದರು. ಯಂತ್ರ ನಿಂತ ಮೇಲೆ ಅದು ಗಣಿಯವರ ಸೊತ್ತು. ಆದರೆ ಹಳೆಯ ಯಂತ್ರಕ್ಕೆ ಹೋಲಿಸಿದರೆ ಎಷ್ಟು ಕಲ್ಲಿದ್ದಲು ಉಳಿಯಿತೋ ಅದರ ಬೆಲೆಯ ಮೂರನೆಯ ಒಂದು ಭಾಗವನ್ನು ಪೇಟೆಂಟು ಮುಗಿಯುವವರೆಗೂ ಕೊಡುತ್ತಲೇ ಇರಬೇಕು. ಉಳಿತಾಯವನ್ನು ಲೆಕ್ಕಹಾಕುವುದಕ್ಕೆ ಯಂತ್ರದ ತೊಲೆಗೆ ಒಂದು ಎಣಿಕೆಯ ಸಾಧನವನ್ನು ಜೋಡಿಸಿದ್ದರು. ತೊಲೆ ಎಷ್ಟು ಬಾರಿ ಏರಿಳಿಯಿತೆಂಬುದು ಅದರಲ್ಲಿ ದಾಖಲಾಗುತ್ತಿತ್ತು. ಆ ಸಾಧನವು ಪೆಟ್ಟಿಗೆಯಲ್ಲಿತ್ತು, ಪೆಟ್ಟಿಗೆಗೆ ಬೀಗವಿತ್ತು, ಬೀಗದ ಕೈ ಗಣಿಯ ಒಡೆಯನ ಹತ್ತಿರ ಇರುತ್ತಿರಲಿಲ್ಲ. ಇಂದಿನ ಕಾರು ತಾನು ಓಡಿದ ದೂರವನ್ನೂ ಚಾಲಕನ ಬಳಕೆಯನ್ನೂ ತಯಾರಕನಿಗೆ ನಿಸ್ತಂತುವಾಗಿ ವರದಿಮಾಡುವುದನ್ನು ಕಂಡು ಬೆರಗಾಗುವವರು ಈ ಬೀಗದ ಪೆಟ್ಟಿಗೆಯನ್ನು ನೆನೆಯಬೇಕು.

ಮೊದಮೊದಲು ಗಣಿಯವರಿಗೆ ಇದು ಹಿತವಾಗಿಯೇ ಇತ್ತು. ಹೊಸ ಯಂತ್ರವು ಹೇಳಿದಷ್ಟು ಕೆಲಸ ಮಾಡದಿದ್ದರೆ ಕೊಡಬೇಕಾದುದೂ ಇಲ್ಲ. ಉಳಿತಾಯದಲ್ಲಿ ಮೂರನೆಯ ಎರಡು ಭಾಗ ತಮಗೇ ದಕ್ಕುತ್ತದೆ. ನ್ಯಾಯವಾದ ಏರ್ಪಾಡೆಂದೇ ಯಾರಾದರೂ ಹೇಳಿಯಾರು. ನಾವೂ ಹಾಗೆಯೇ ಭಾವಿಸುತ್ತೇವೆ. ಆದರೆ ವರ್ಷಗಳು ಕಳೆದವು. ಹಳೆಯ ನ್ಯೂಕೊಮೆನ್ ಯಂತ್ರಗಳು ಒಂದೊಂದಾಗಿ ಮೂಲೆಗೆ ಸೇರಿದವು. ಇಲ್ಲದಿರುವ ಯಂತ್ರದೊಡನೆ ಹೋಲಿಸಿ ಉಳಿತಾಯವನ್ನು ಅಳೆಯುವುದು ಕಾಗದದ ಮೇಲಿನ ಲೆಕ್ಕವಾಯಿತು. ಹಲವೆಡೆ ಅಳೆಯುವ ತೊಡಕೇ ಬೇಡವೆಂದು ವರ್ಷಕ್ಕಿಷ್ಟೆಂದು ಮೊತ್ತವನ್ನೇ ನಿಗದಿಮಾಡಿಕೊಂಡರು. ಅದೇ ಕಾಲಕ್ಕೆ ಆಂಗಲ್‌ಸೀ ದ್ವೀಪದ ಪ್ಯಾರಿಸ್ ಬೆಟ್ಟದಲ್ಲಿ ಸುಲಭವಾಗಿ ತಾಮ್ರ ಸಿಕ್ಕಿ, ಕಾರ್ನ್‌ವಾಲಿನ ತಾಮ್ರದ ಬೆಲೆ ಕುಸಿಯಿತು. ಗಣಿಗೆ ಲಾಭವಿರಲಿ ಇಲ್ಲದಿರಲಿ, ತಾವೇ ಕಟ್ಟಿಸಿದ, ತಾವೇ ರಿಪೇರಿ ಮಾಡಿಸುವ ಯಂತ್ರಕ್ಕಾಗಿ ಬರ್ಮಿಂಗ್‌ಹ್ಯಾಮಿಗೆ ಹಣ ಕಳುಹಿಸುವುದು ತಪ್ಪಲಿಲ್ಲ. ಮುಂದೆ ಗಿರಣಿಗಳ ಚಕ್ರ ತಿರುಗಿಸುವ ಯಂತ್ರಗಳಿಗೆ ಅಶ್ವಶಕ್ತಿಯೊಂದಕ್ಕೆ ವರ್ಷಕ್ಕೆ 5 ಪೌಂಡೆಂದು ಗೊತ್ತುಮಾಡಿದಾಗ ಉಳಿತಾಯದ ಮಾತೇ ಮರೆಯಾಗಿ ಶುದ್ಧವಾದ ಚಂದಾ ಉಳಿಯಿತು.

ವ್ಯಾಜ್ಯ ಅನಿವಾರ್ಯವಾಯಿತು. ಜೋನಥನ್ ಹಾರ್ನ್‌ಬ್ಲೋವರನು 1781ರಲ್ಲಿ ಎರಡು ಸಿಲಿಂಡರಿನ ಯಂತ್ರಕ್ಕೆ ತಾನೇ ಪೇಟೆಂಟು ಪಡೆದಿದ್ದನು. ಹಿಂದೆ ವಾಟನ ಬಳಿಯೇ ಕೆಲಸಮಾಡಿದ್ದ ಎಡ್ವರ್ಡ್ ಬುಲ್ ಎಂಬುವನು ಸಿಲಿಂಡರನ್ನು ಬೋರಲುಹಾಕಿ ಯಂತ್ರಗಳನ್ನು ಕಟ್ಟತೊಡಗಿದನು. ಗಣಿಯವರು ಇವರ ಬೆನ್ನಿಗೆ ನಿಂತರು. ವಾಟನಿಗೆ ಸಲ್ಲಬೇಕಾದ ಹಣವನ್ನು ತಡೆದು ಹಿಡಿದರು. 1795ರಲ್ಲಿ ಬುಲ್ಲನ ಮೊಕದ್ದಮೆಯಲ್ಲಿ ನ್ಯಾಯಾಧೀಶರು ಸಮಸಮವಾಗಿ ಒಡೆದು ಹೋದರು. 1799ರ ಜನವರಿಯಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ತೀರ್ಪು ಬೋಲ್ಟನ್ ಮತ್ತು ವಾಟರ ಕಡೆಗಾಯಿತು. ತಡೆದಿದ್ದ ಬಾಕಿಯನ್ನು ಗಣಿಯವರು ಸಲ್ಲಿಸಬೇಕಾಯಿತು. ಮಾರನೆಯ ವರ್ಷ ಪೇಟೆಂಟಿನ ಅವಧಿ ಮುಗಿಯಿತು.

ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಬೋಲ್ಟನ್ ಮತ್ತು ವಾಟರ ಆಳುಗಳು ಕಾರ್ನ್‌ವಾಲನ್ನು ಬಿಟ್ಟುಹೋದ ಮೇಲೆ ಅಲ್ಲಿನ ಯಂತ್ರಗಳ ಸ್ಥಿತಿ ಸುಧಾರಿಸಲಿಲ್ಲ, ಕೆಟ್ಟಿತು. ಬೀಗದ ಪೆಟ್ಟಿಗೆಯನ್ನು ನೋಡಲು ಬರುತ್ತಿದ್ದವನು ಯಂತ್ರವನ್ನೂ ನೋಡುತ್ತಿದ್ದನು, ಅದರ ಓರೆಕೋರೆಗಳನ್ನು ಹೇಳುತ್ತಿದ್ದನು. 1779ರಿಂದ ಅಲ್ಲಿದ್ದ ವಿಲಿಯಂ ಮರ್ಡಕ್‌ನಂತಹ ಕುಶಲನು ಹಣ ವಸೂಲಿಗೆ ಮಾತ್ರ ಇದ್ದವನಲ್ಲ. ಈ ಸೇವೆ ಎಷ್ಟಿತ್ತೆಂಬುದು ಅದು ನಿಂತ ಮೇಲೆ ತಿಳಿಯಿತು. 1811ರಲ್ಲಿ ಜೋಯಲ್ ಲೀನ್ ಎಂಬ ಗಣಿಯ ಮೇಲಧಿಕಾರಿಯು ಪ್ರತಿಯೊಂದು ಯಂತ್ರವೂ ಒಂದು ಬುಷೆಲ್ ಕಲ್ಲಿದ್ದಲಿಗೆ ಎಷ್ಟು ನೀರನ್ನು ಎಷ್ಟು ಎತ್ತರಕ್ಕೆ ಎತ್ತಿತೆಂಬುದನ್ನು ತಿಂಗಳು ತಿಂಗಳಿಗೆ ಪ್ರಕಟಿಸುವ ಪತ್ರಿಕೆಯನ್ನು ಆರಂಭಿಸಿದನು. ವಾಟನ ಕಾಲದಲ್ಲಿ ಬಾಡಿಗೆ ಎಣಿಸಲು ಹುಟ್ಟಿದ ಲೆಕ್ಕವೇ ಈಗ ಎಲ್ಲರೂ ನೋಡಿ ಕಲಿಯುವ ಲೆಕ್ಕವಾಯಿತು. ಟ್ರೆವಿಥಿಕ್, ವುಲ್ಫ್ ಮೊದಲಾದವರ ಅಧಿಕ ಒತ್ತಡದ ಯಂತ್ರಗಳು ಕಾರ್ನ್‌ವಾಲಿನಲ್ಲಿ ಬೆಳೆದು, ಮುಂದಿನ ಮೂರು ದಶಕಗಳಲ್ಲಿ ಯಂತ್ರಗಳ ಕಾರ್ಯಶಕ್ತಿ ಹಲವು ಪಟ್ಟು ಏರಿತು. ಪೆಟ್ಟಿಗೆಯ ಬೀಗ ತೆರೆದದ್ದರಿಂದಲೇ ಇದೆಲ್ಲ ನಡೆಯಿತೆಂದು ಸಾಧಿಸುವುದು ಅತಿಯಾದೀತು. ಆದರೆ ಎರಡು ಸಂಗತಿಗಳು ಇಲ್ಲಿ ಬೇರೆಬೇರೆಯಾಗಿ ಕಾಣುತ್ತವೆ: ಯಂತ್ರದ ಆರೈಕೆಗಾಗಿ ತೆತ್ತ ಹಣ ಒಂದು, ಯಂತ್ರವನ್ನು ಬಳಸುವ ಅಪ್ಪಣೆಗಾಗಿ ತೆತ್ತ ಹಣ ಇನ್ನೊಂದು. ಗಣಿಯವರು ಎರಡನ್ನೂ ಒಂದೇ ಗಂಟಿನಲ್ಲಿ ತೆರುತ್ತಿದ್ದರು. ಮೊದಲನೆಯದು ಕಡಿಮೆಯಾಗಿ ಎರಡನೆಯದೇ ಎದ್ದುಕಂಡಾಗ ತಿರುಗಿಬಿದ್ದರು. ಈ ಭೇದವನ್ನು ಹಿಡಿದುಕೊಂಡು ಹೊರಟರೆ ಮುಂದಿನ ಪ್ರಕರಣಗಳು ಸುಲಭವಾಗಿ ಅರ್ಥವಾಗುತ್ತವೆ.

ಅಮೆರಿಕದ ಪಾದರಕ್ಷೆಯ ಉದ್ಯಮವು ಇದಕ್ಕೆ ಒಳ್ಳೆಯ ದೃಷ್ಟಾಂತ. ಅಲ್ಲಿನ ಅಂತರ್ಯುದ್ಧದ ಕಾಲದಲ್ಲಿ ಗಾರ್ಡನ್ ಮೆಕೇ ಎಂಬುವನು ಬೂಟಿನ ಅಟ್ಟೆಯನ್ನು ಹೊಲಿಯುವ ಯಂತ್ರವನ್ನು ಕಾರ್ಖಾನೆಗಳಿಗೆ ಮಾರದೆ ಬಾಡಿಗೆಗೆ ಕೊಟ್ಟು, ಜೋಡಿಯೊಂದಕ್ಕೆ ಇಷ್ಟೆಂದು ರಾಯಧನ ವಸೂಲುಮಾಡಿದನು. ಹೀಗೆ ಸೇರಿದ ಸಂಪತ್ತಿನ ಬಹುಭಾಗ ಮುಂದೆ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಬೂಟುಗಳ ರಾಯಧನದಿಂದ ವಿಜ್ಞಾನದ ಪೀಠಗಳು ಸ್ಥಾಪಿತವಾದದ್ದನ್ನು ವಿದ್ಯಾವಂತರಾದ ನಾವು ಮರೆಯಲಾಗದು. 1899ರಲ್ಲಿ ಹಲವು ಕಂಪೆನಿಗಳು ಕೂಡಿ ಯುನೈಟೆಡ್ ಷೂ ಮೆಷಿನರಿ ಎಂಬ ದೊಡ್ಡ ಸಂಸ್ಥೆಯಾದವು. ತನ್ನ ಮುಖ್ಯ ಯಂತ್ರಗಳನ್ನು ಅದು ಯಾರಿಗೂ ಮಾರುತ್ತಿರಲಿಲ್ಲ. ಮೊದಲು 17 ವರ್ಷಗಳ, ಅನಂತರ 10 ವರ್ಷಗಳ ಗುತ್ತಿಗೆ. ಯಂತ್ರ ಕೆಟ್ಟರೆ ಕಂಪೆನಿಯ ಮೆಕ್ಯಾನಿಕ್ ಬಂದು ಸರಿಪಡಿಸುತ್ತಿದ್ದನು. ಅದಕ್ಕೆ ಬೇರೆ ಹಣವಿಲ್ಲ. ಬಂಡವಾಳವಿಲ್ಲದ ಸಣ್ಣ ತಯಾರಕರಿಗೆ ಇದು ಆಸರೆಯೇ ಆಗಿತ್ತು, ಅನೇಕರು ದೂರಲೂ ಇಲ್ಲ. ಪ್ರತಿಸ್ಪರ್ಧಿಗಳ ಯಂತ್ರವನ್ನು ಬಳಸದಂತೆ ಕಟ್ಟಿಹಾಕುವ ಷರತ್ತುಗಳನ್ನು 1922ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. 1953ರಲ್ಲಿ ನ್ಯಾಯಾಧೀಶ ವೈಜಾನ್ಸ್ಕಿಯವರು ನೀಡಿದ ತೀರ್ಪಿನಲ್ಲಿ ಗುತ್ತಿಗೆಗೆ ಕೊಡುವ ಯಂತ್ರಗಳನ್ನು ಕ್ರಯಕ್ಕೂ ಕೊಡಬೇಕೆಂದೂ, ದುರಸ್ತಿಯ ಶುಲ್ಕವನ್ನು ಪ್ರತ್ಯೇಕಿಸಬೇಕೆಂದೂ ವಿಧಿಸಿದರು. ಸೇವೆಯ ಬೆಲೆಯನ್ನೂ ಅಪ್ಪಣೆಯ ಬೆಲೆಯನ್ನೂ ಬಿಡಿಸಿ ನೋಡಬೇಕೆಂಬ ತತ್ತ್ವವು ನ್ಯಾಯಸ್ಥಾನದಲ್ಲಿ ಇಷ್ಟು ವಿಶದವಾಗಿ ಪ್ರತಿಪಾದಿತವಾದುದು ವಿರಳ.

ಈ ನಡುವೆ ಮಾರಿದ ವಸ್ತುವಿನ ಮೇಲೆ ಮಾರಿದವನ ಹಿಡಿತ ಎಲ್ಲಿಯವರೆಗೆ ಎಂಬ ಪ್ರಶ್ನೆಯೂ ಕೋರ್ಟುಗಳ ಮುಂದೆ ಬಂದಿತ್ತು. ಪುಸ್ತಕವೊಂದನ್ನು 1 ಡಾಲರಿಗಿಂತ ಕಡಿಮೆಗೆ ಮಾರಕೂಡದೆಂದು ಅದರೊಳಗೇ ಅಚ್ಚುಹಾಕಿಸಿದ್ದ ಪ್ರಕಾಶಕನ ವಿರುದ್ಧ, ಅದನ್ನು 89 ಸೆಂಟಿಗೆ ಮಾರಿದ ಮೇಸಿ ಅಂಗಡಿಯವರ ಪರವಾಗಿ 1908ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಒಮ್ಮೆ ಮಾರಿದ ಮೇಲೆ ಮುಗಿಯಿತು. ಆದರೆ 1912ರಲ್ಲಿ ಎ. ಬಿ. ಡಿಕ್ ಕಂಪೆನಿಯ ನಕಲು ತೆಗೆಯುವ ಯಂತ್ರದ ಪ್ರಕರಣದಲ್ಲಿ, ಯಂತ್ರಕ್ಕೆ ತಮ್ಮದೇ ಶಾಯಿಯನ್ನೂ ಕಾಗದವನ್ನೂ ಬಳಸಬೇಕೆಂಬ ಷರತ್ತನ್ನು ಅದೇ ಕೋರ್ಟು ಎತ್ತಿಹಿಡಿಯಿತು. ಹೀಗೆ ಬಿಟ್ಟರೆ ಮನೆಯ ಪಾತ್ರೆಪಡಗಕ್ಕೂ ಷರತ್ತು ಬಂದೀತೆಂದು ಮುಖ್ಯ ನ್ಯಾಯಾಧೀಶ ವೈಟ್ ಅವರು ಭಿನ್ನಮತದಲ್ಲಿ ಆತಂಕಪಟ್ಟರು. ಐದು ವರ್ಷಗಳಲ್ಲಿ, 1917ರ ಚಲನಚಿತ್ರ ಯಂತ್ರದ ಪ್ರಕರಣದಲ್ಲಿ, ಅವರ ಪಕ್ಷವೇ ಗೆದ್ದಿತು. ಮೋಟಾರು ಕಾರು ಸಹ ಬಾಲ್ಯದಲ್ಲಿಯೇ ಇಂತಹ ಕಲಹವನ್ನು ಕಂಡಿದೆ. ಜಾರ್ಜ್ ಸೆಲ್ಡನ್ನನ ಪೇಟೆಂಟಿನ ಆಧಾರದ ಮೇಲೆ ಕಾರುಗಳಿಂದೆಲ್ಲ ರಾಯಧನ ಕೇಳುತ್ತಿದ್ದ ಕೂಟವು, ಪರವಾನಗಿಯಿಲ್ಲದ ಕಾರು ಕೊಂಡವರ ಮೇಲೂ ದಾವೆ ಹೂಡುವುದಾಗಿ ಬೆದರಿಸಿತ್ತು. ಹೆನ್ರಿ ಫೋರ್ಡನು ತನ್ನ ಗಿರಾಕಿಗಳಿಗೆ ರಕ್ಷಣೆಯ ಖಾತರಿ ಪತ್ರ ಕೊಟ್ಟು ಹೋರಾಡಿ 1911ರಲ್ಲಿ ಗೆದ್ದನು. ಫೋರ್ಡನ ಜನಪ್ರಿಯತೆಗೆ ಈ ವ್ಯಾಜ್ಯವೂ ಒಂದು ಕಾರಣವಾಯಿತು.

ಲೆಕ್ಕದ ಯಂತ್ರಗಳ ಐ.ಬಿ.ಎಂ. ಕಂಪೆನಿಯು ಪಾದರಕ್ಷೆಯ ಯಂತ್ರದವರ ಮಾರ್ಗವನ್ನೇ ಅನುಸರಿಸಿತು. ಬಾಡಿಗೆ ಯಂತ್ರದಲ್ಲಿ ತನ್ನ ಕಾರ್ಡುಗಳನ್ನೇ ಬಳಸಬೇಕೆಂಬ ಅದರ ಷರತ್ತು 1936ರಲ್ಲಿ ಬಿದ್ದುಹೋಯಿತು; 1956ರ ಒಪ್ಪಂದದ ಡಿಕ್ರಿಯಿಂದ ಯಂತ್ರಗಳನ್ನು ಕ್ರಯಕ್ಕೂ ಕೊಡಬೇಕಾಯಿತು. ಭಾರತಕ್ಕೂ ಈ ಬಾಡಿಗೆಯ ಬಿಸಿ ತಟ್ಟದಿರಲಿಲ್ಲ. ಬೇರೆಡೆ ಬಳಸಿ ಹಳತಾದ ಯಂತ್ರಗಳನ್ನು ತಂದು ಇಲ್ಲಿ ದುಬಾರಿ ಬಾಡಿಗೆಗೆ ಕೊಡುತ್ತಿದೆಯೆಂಬ ಟೀಕೆ 1970ರ ದಶಕದಲ್ಲಿ ಪಾರ್ಲಿಮೆಂಟಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯವರೆಗೂ ಹೋಯಿತು. ವಿದೇಶಿ ವಿನಿಮಯ ಶಾಸನದ ಪ್ರಕಾರ ಒಡೆತನದಲ್ಲಿ ಪಾಲು ಬಿಟ್ಟುಕೊಡಲೊಪ್ಪದೆ ಕಂಪೆನಿಯು 1978ರಲ್ಲಿ ದೇಶವನ್ನು ಬಿಟ್ಟಿತು. ಅದರ ಯಂತ್ರಗಳ ದುರಸ್ತಿಯ ಭಾರವನ್ನು ಸರ್ಕಾರಿ ಸಂಸ್ಥೆಯಾದ ಸಿ.ಎಂ.ಸಿ. ಹೊತ್ತುಕೊಂಡಿತು.

ಈ ಕಂಪೆನಿಯ ಚರಿತ್ರೆಯಲ್ಲಿ ನಮಗೆ ಹೆಚ್ಚು ಪ್ರಸ್ತುತವಾದುದು 1969ರ ಜೂನ್ ತಿಂಗಳ ಘೋಷಣೆ. ಅದುವರೆಗೆ ಯಂತ್ರದೊಂದಿಗೆ ಸೇರಿಕೊಂಡೇ ಬರುತ್ತಿದ್ದ ಸಾಫ್ಟ್‌ವೇರಿಗೆ ಅಂದಿನಿಂದ ಪ್ರತ್ಯೇಕ ಬೆಲೆ ಬಂದಿತು. ಯಂತ್ರ ಬೇರೆ, ಅದನ್ನು ನಡೆಸುವ ಸೂಚನೆಗಳು ಬೇರೆ ಎಂದಾದ ಮೇಲೆ ಯಂತ್ರವನ್ನು ಮಾರಿ ಸೂಚನೆಗಳನ್ನು ಮಾರದಿರುವುದು ಸಾಧ್ಯವಾಯಿತು. ಪೆಟ್ಟಿಗೆಯಲ್ಲಿಟ್ಟು ಅಂಗಡಿಯಲ್ಲಿ ಮಾರಿದ ಸಾಫ್ಟ್‌ವೇರನ್ನು ಕೊಂಡವನು ಕೊಂಡದ್ದು ಪರವಾನಗಿಯನ್ನೇ ಹೊರತು ವಸ್ತುವನ್ನಲ್ಲವೆಂಬ ವಾದವು ಬೆಳೆದು, ಆಟೋಡೆಸ್ಕ್ ಕಂಪೆನಿಯ ಹಳೆಯ ಪ್ರತಿಗಳ ಮರುಮಾರಾಟದ ಪ್ರಕರಣದಲ್ಲಿ 2010ರಲ್ಲಿ ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯದ ಮುದ್ರೆಯನ್ನೂ ಪಡೆಯಿತು. 1908ರಲ್ಲಿ ಪುಸ್ತಕಕ್ಕೆ ಸಂದ ನ್ಯಾಯವು ಇಲ್ಲಿ ಸಲ್ಲಲಿಲ್ಲ. 2013ರ ಮೇ ತಿಂಗಳಲ್ಲಿ ಅಡೋಬಿ ಕಂಪೆನಿಯು ಚಿತ್ರಕಾರರೂ ಮುದ್ರಕರೂ ಬಳಸುವ ತನ್ನ ಸಾಫ್ಟ್‌ವೇರಿನ ಮುಂದಿನ ಆವೃತ್ತಿಗಳನ್ನು ಕ್ರಯಕ್ಕೆ ಕೊಡುವುದಿಲ್ಲವೆಂದೂ ಪೂರ್ಣ ಸಂಪುಟಕ್ಕೆ ತಿಂಗಳಿಗೆ ಸುಮಾರು 50 ಡಾಲರು ಚಂದಾ ಎಂದೂ ಸಾರಿತು. ಹಳೆಯ ಕ್ರಮದಲ್ಲಿ ಹೊಸ ಆವೃತ್ತಿ ಬೇಡವೆನಿಸಿದವನು ಹಳೆಯದರಲ್ಲೇ ವರ್ಷಗಟ್ಟಲೆ ಕೆಲಸ ಸಾಗಿಸಬಹುದಿತ್ತು. ಹೊಸದು ಒಳ್ಳೆಯದಾಗಿದ್ದರೆ ಮಾತ್ರ ಕೊಳ್ಳುತ್ತಿದ್ದನು. ಹೀಗೆ ಬೇಡವೆನ್ನುವ ಸ್ವಾತಂತ್ರ್ಯವೇ ತಯಾರಕನ ಮೇಲಿದ್ದ ಅಂಕುಶ. ಚಂದಾದಲ್ಲಿ ಅದು ಕಳಚಿತು. ಚಂದಾ ಬಿಡುವವರಿಗೆ ವಿಧಿಸುವ ಶುಲ್ಕವನ್ನು ಮರೆಮಾಚಿ, ಬಿಡುವುದನ್ನೇ ಕಷ್ಟಮಾಡಿದೆಯೆಂದು ಆರೋಪಿಸಿ 2024ರ ಜೂನ್‌ನಲ್ಲಿ ಅಮೆರಿಕದ ಸರ್ಕಾರವು ಈ ಕಂಪೆನಿಯ ಮೇಲೆ ಮೊಕದ್ದಮೆಯನ್ನೇ ಹೂಡಿತು.

ಈಗ ಕಾರಿಗೆ ಮರಳಬಹುದು. ಇಂದಿನ ಕಾರಿನಲ್ಲಿ ಹತ್ತಾರು ಸಣ್ಣ ಕಂಪ್ಯೂಟರುಗಳಿವೆ. ತಡೆ, ದೀಪ, ಬಾಗಿಲು, ಆಸನ ಎಲ್ಲವೂ ಅವುಗಳ ಆಜ್ಞೆಯಲ್ಲಿವೆ. ಈ ಆಜ್ಞೆಗಳನ್ನು ಬರೆಯುವ ಕೆಲಸದಲ್ಲಿ ನಮ್ಮ ಬೆಂಗಳೂರಿನ ಪಾಲೂ ಕಡಿಮೆಯಿಲ್ಲ. ಮರ್ಸಿಡಿಸ್ ಬೆಂಜ್ ಕಂಪೆನಿಯ ಸಂಶೋಧನ ಕೇಂದ್ರವು 1996ರಿಂದ ಇಲ್ಲಿದೆ. ಅದೇ ವರ್ಷ ಅಮೆರಿಕದಲ್ಲಿ ಜನರಲ್ ಮೋಟಾರ್ಸ್‌ನವರು ಆನ್‌ಸ್ಟಾರ್ ಎಂಬ ಸೇವೆಯನ್ನು ಆರಂಭಿಸಿದರು. ಅಪಘಾತವಾದರೆ ಕಾರೇ ಸುದ್ದಿ ಮುಟ್ಟಿಸುವುದು, ಸಹಾಯಕ್ಕೆ ಮನುಷ್ಯರು ದೂರವಾಣಿಯಲ್ಲಿ ಸಿದ್ಧರಿರುವುದು ಇದರ ವಿಶೇಷ. ಇದಕ್ಕೆ ಚಂದಾ ಇತ್ತು. ದೊಡ್ಡ ಕೋಲಾಹಲವೇನೂ ಆಗಲಿಲ್ಲ, ಏಕೆಂದರೆ ಆಚೆ ತುದಿಯಲ್ಲಿ ಯಾರೋ ಕೆಲಸಮಾಡುತ್ತಿದ್ದರು. ಆದರೆ 2008ರಲ್ಲಿ ಅಲ್ಲಿನ ಹಳೆಯ ಮಾದರಿಯ ದೂರವಾಣಿ ಜಾಲ ಮುಚ್ಚಿದಾಗ, ಆ ಜಾಲವನ್ನೇ ನಂಬಿದ್ದ ಕಾರುಗಳಲ್ಲಿ ಈ ಸೇವೆ ಸತ್ತುಹೋಯಿತು. ಕಾರಿನ ಆಯುಸ್ಸು ಒಂದು, ಅದರೊಳಗಿನ ಸೌಕರ್ಯದ ಆಯುಸ್ಸು ಇನ್ನೊಂದು ಎಂಬುದು ಆಗ ಮೊದಲಬಾರಿಗೆ ಸಾಮಾನ್ಯರ ಅನುಭವಕ್ಕೆ ಬಂದಿತು.

ಇನ್ನೊಂದು ಪ್ರಸಂಗವು 2017ರ ಸೆಪ್ಟೆಂಬರಿನದು. ಇರ್ಮಾ ಎಂಬ ಚಂಡಮಾರುತವು ಫ್ಲಾರಿಡಾದ ಮೇಲೆ ಎರಗುತ್ತಿದ್ದಾಗ ಜನರು ಊರು ಬಿಟ್ಟು ಓಡಬೇಕಾಯಿತು. ಟೆಸ್ಲಾ ಕಂಪೆನಿಯು ಕೆಲವು ಕಾರುಗಳಲ್ಲಿ 75 ಕಿಲೋವಾಟ್-ಗಂಟೆಯ ಬ್ಯಾಟರಿಯನ್ನಿರಿಸಿ ಸಾಫ್ಟ್‌ವೇರಿನಿಂದ ಅದನ್ನು 60ಕ್ಕೆ ಮಿತಿಗೊಳಿಸಿ ಕಡಿಮೆ ಬೆಲೆಗೆ ಮಾರಿತ್ತು. ಆಗ ಅದು ದೂರದಿಂದಲೇ ಆ ಮಿತಿಯನ್ನು ತಾತ್ಕಾಲಿಕವಾಗಿ ತೆಗೆದುಹಾಕಿತು; ಅಪಾಯ ಕಳೆದ ಮೇಲೆ ಮತ್ತೆ ಹಾಕಿತು. ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಕಡಿಮೆ ಬೆಲೆಯ ಕರಾರು ಕೊಂಡವರಿಗೆ ತಿಳಿದೇ ಇತ್ತೆಂಬುದನ್ನೂ ಒಪ್ಪಬೇಕು. ಆದರೂ ತಮ್ಮ ಕಾರು ಇನ್ನಷ್ಟು ದೂರ ಹೋಗಬಲ್ಲದೆಂಬುದು ಅವರಿಗೆ ಅನುಭವವಾದದ್ದು ಬಿರುಗಾಳಿಯ ದಿನ, ಬೇರೆಯವರ ದಯೆಯಿಂದ. ಸಾಧ್ಯವೆಂಬ ಭೋಗವು ಯಾರ ಕೈಯಲ್ಲಿತ್ತೆಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಸಾಕ್ಷ್ಯ ಬೇಡ.

ಉಳಿದ ನಿದರ್ಶನಗಳನ್ನು ಬೇಗನೆ ಹೇಳಿ ಮುಗಿಸಬಹುದು. 2021ರ ಡಿಸೆಂಬರಿನಲ್ಲಿ ಟೊಯೋಟಾದ ಕೆಲವು ಕಾರುಗಳನ್ನು ಕೀಲಿಯ ಗುಂಡಿಯಿಂದಲೇ ದೂರದಿಂದ ಚಾಲನೆ ಮಾಡುವ ಸೌಕರ್ಯವು, ಉಚಿತ ಅವಧಿ ಮುಗಿದ ಮೇಲೆ ತಿಂಗಳಿಗೆ 8 ಡಾಲರಿನ ಚಂದಾಕ್ಕೆ ಒಳಪಟ್ಟಿದೆಯೆಂದು ಬಯಲಾಯಿತು. ಕಂಪೆನಿ ಮರುಪರಿಶೀಲಿಸುವುದಾಗಿ ಹೇಳಿತು. 2022ರ ನವೆಂಬರಿನಲ್ಲಿ ಮರ್ಸಿಡಿಸ್‌ನವರು ಅಮೆರಿಕದಲ್ಲಿ ವರ್ಷಕ್ಕೆ 1,200 ಡಾಲರು ಕೊಟ್ಟರೆ ವಿದ್ಯುತ್ ಕಾರು ವೇಗ ಪಡೆಯಲು ತಗಲುವ ಕಾಲವನ್ನು ಸುಮಾರು ಒಂದು ಸೆಕೆಂಡಿನವರೆಗೆ ಇಳಿಸಿಕೊಡುವುದಾಗಿ ಪ್ರಕಟಿಸಿದರು. ಬಿ.ಎಂ.ಡಬ್ಲ್ಯು. ಕಂಪೆನಿಯು ಟೀಕೆಗೆ ಬಾಗಿ 2023ರಲ್ಲಿ ಆಸನದ ಚಂದಾವನ್ನು ಕೈಬಿಟ್ಟಿತು. ಆದರೆ ಪದ್ಧತಿ ಅಳಿಯಲಿಲ್ಲ. 2025ರಲ್ಲಿ ಬ್ರಿಟನ್ನಿನಲ್ಲಿ ಫೋಕ್ಸ್‌ವ್ಯಾಗನ್‌ನವರು ಐ.ಡಿ.3 ಕಾರಿನ ಪೂರ್ಣ ಶಕ್ತಿಯನ್ನು ತಿಂಗಳಿಗೆ 16.50 ಪೌಂಡಿಗೆ ಇಲ್ಲವೇ ಒಮ್ಮೆಗೆ 649 ಪೌಂಡಿಗೆ ಬಿಟ್ಟುಕೊಡುವ ಏರ್ಪಾಡು ಮಾಡಿದರು. ಇದರ ಹಿಂದಿರುವ ಆಸೆಯೂ ಸಣ್ಣದಲ್ಲ: ದಶಕದ ಕೊನೆಗೆ ಸಾಫ್ಟ್‌ವೇರು ಮತ್ತು ಸೇವೆಗಳಿಂದ ವರ್ಷಕ್ಕೆ 2,000 ಕೋಟಿಯಿಂದ 2,500 ಕೋಟಿ ಡಾಲರು ಬರುವುದೆಂದು ಜನರಲ್ ಮೋಟಾರ್ಸ್ 2021ರಲ್ಲಿ ಲೆಕ್ಕಹಾಕಿತ್ತು.

ತಯಾರಕರ ವಾದವನ್ನು ಕೇಳದೆ ತೀರ್ಪು ಹೇಳಬಾರದು. ನೂರು ಬಗೆಯ ಕಾರುಗಳನ್ನು ಕಟ್ಟುವುದಕ್ಕಿಂತ ಎಲ್ಲದಕ್ಕೂ ಒಂದೇ ಸಾಮಗ್ರಿ ಜೋಡಿಸುವುದು ಅಗ್ಗ. ಬೇಕೆನಿಸಿದಾಗ ಮಾತ್ರ, ಚಳಿಗಾಲದಲ್ಲಷ್ಟೆ, ಹಣ ಕೊಟ್ಟು ಪಡೆಯುವುದು ಗಿರಾಕಿಗೂ ಅನುಕೂಲ. ನಕ್ಷೆ, ಸುರಕ್ಷತೆ, ಸಂಪರ್ಕ ಇವುಗಳಿಗೆ ವರ್ಷವೂ ಖರ್ಚಿದೆ. ಕೊನೆಯ ಮಾತನ್ನು ನಾವು ಪೂರ್ತಿಯಾಗಿ ಒಪ್ಪುತ್ತೇವೆ. ಅದು ಮೆಕ್ಯಾನಿಕ್‌ನ ಕೂಲಿಯಂತೆ ನಿಜವಾದ ಸೇವೆ. ಮೊದಲೆರಡು ಮಾತುಗಳು ಮಾತ್ರ ಒಪ್ಪತಕ್ಕವಲ್ಲ. ಆಸನದ ತಂತಿಗೆ ತಯಾರಕನ ಕಡೆಯಿಂದ ತಿಂಗಳು ತಿಂಗಳೂ ಆಗಬೇಕಾದ ಕೆಲಸ ಯಾವುದೂ ಇಲ್ಲ. ಅದರ ತೂಕವನ್ನು ಹೊರುವವನು, ಅದು ಕೆಟ್ಟರೆ ನಷ್ಟ ಅನುಭವಿಸುವವನು ಕೊಂಡವನೇ. ವಾಟನಿಗಾದರೂ ತನ್ನ ಹಕ್ಕು 1800ರಲ್ಲಿ ಮುಗಿಯುತ್ತದೆಂಬ ಗಡುವಿತ್ತು. ಇಲ್ಲಿ ಗಡುವೂ ಇಲ್ಲ. ನಮ್ಮ ರಾಜ್ಯದಲ್ಲಿ ಸರ್ಕಾರವೇ ಖಾಸಗಿ ಕಾರಿನ ಜೀವಿತಾವಧಿ ತೆರಿಗೆಯನ್ನು ಒಮ್ಮೆಗೆ ತೆಗೆದುಕೊಂಡು ಸುಮ್ಮನಾಗುತ್ತದೆ. ತೆರಿಗೆಯವರಿಗಿರುವ ಈ ಸಂಯಮ ತಯಾರಕರಿಗೆ ಇಲ್ಲದಿರುವುದು ವಿನೋದದ ಸಂಗತಿಯೇ ಸರಿ.

ಎಲ್ಲಕ್ಕಿಂತ ತೊಡಕಾದುದು ಮರುಮಾರಾಟ. ಹರಾಜಿನ ಮೂಲಕ ಕೈಬದಲಾಯಿಸಿದ ಟೆಸ್ಲಾ ಕಾರೊಂದರಲ್ಲಿ ಮೊದಲ ಒಡೆಯನ ಕಾಲದಲ್ಲಿದ್ದ ಸಾಫ್ಟ್‌ವೇರು ಸೌಕರ್ಯಗಳನ್ನು ಕಂಪೆನಿ ದೂರದಿಂದ ತೆಗೆದುಹಾಕಿದ ಸಂಗತಿ 2020ರಲ್ಲಿ ವರದಿಯಾಯಿತು. ಸುದ್ದಿ ಹರಡಿದ ಮೇಲೆ ಅವನ್ನು ಹಿಂತಿರುಗಿಸಲಾಯಿತು. ಮುದ್ರಣಯಂತ್ರದ ಶಾಯಿಯ ಡಬ್ಬಿಗಳನ್ನು ಕುರಿತ 2017ರ ಲೆಕ್ಸ್‌ಮಾರ್ಕ್ ತೀರ್ಪಿನಲ್ಲಿ ಅಮೆರಿಕದ ಮುಖ್ಯ ನ್ಯಾಯಾಧೀಶ ರಾಬರ್ಟ್ಸ್ ಅವರು ದೃಷ್ಟಾಂತಕ್ಕೆ ಆರಿಸಿಕೊಂಡದ್ದು ಹಳೆಯ ಕಾರುಗಳನ್ನು ದುರಸ್ತಿಮಾಡಿ ಮಾರುವ ಅಂಗಡಿಯನ್ನೇ. ಬಿಡಿಭಾಗ ತಯಾರಿಸಿದ ಪ್ರತಿಯೊಬ್ಬನೂ ಮಾರಿದ ಮೇಲೂ ಹಕ್ಕು ಚಲಾಯಿಸಿದರೆ ಅಂತಹ ಅಂಗಡಿ ನಡೆಯಲಾರದೆಂಬುದು ಅವರ ವಾದದ ಸಾರ. ಆದರೆ ಆ ತೀರ್ಪು ಪೇಟೆಂಟಿನ ಹಕ್ಕಿಗೆ ಮಾತ್ರ ಸಂಬಂಧಿಸಿದುದು. ಪರವಾನಗಿಯ ಕರಾರು, ದೂರದಿಂದ ಹಾಕುವ ಬೀಗ ಇವು ಅದರ ವ್ಯಾಪ್ತಿಯ ಹೊರಗೇ ಉಳಿದವು.

ನಮ್ಮ ದೇಶದಲ್ಲಿ 2019ರಿಂದ ಸಂಪರ್ಕ ಸೌಕರ್ಯವುಳ್ಳ ಕಾರುಗಳು ಮಧ್ಯಮ ವರ್ಗದವರಿಗೂ ಎಟುಕಿವೆ. ಹ್ಯುಂಡೈ ವೆನ್ಯೂ ಕಾರು ಆ ವರ್ಷ ಬಂದಾಗ ಮೊದಲ 3 ವರ್ಷ ಈ ಸೌಕರ್ಯ ಉಚಿತವಾಗಿತ್ತು. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ನೇಮಿಸಿತು. ಅದು ಗಮನಿಸಿದ ಕ್ಷೇತ್ರಗಳಲ್ಲಿ ವಾಹನಗಳೂ ಸೇರಿದ್ದವು. ಕಾರಿನ ನೋಂದಣಿ ಪತ್ರವು ಹೊಸ ಒಡೆಯನ ಹೆಸರಿಗೆ ವರ್ಗವಾಗುತ್ತದೆ. ಕಾರಿನೊಳಗಿನ ಖಾತೆಯೂ ಅದರೊಂದಿಗೆ ವರ್ಗವಾಗಬೇಕೇ ಎಂಬುದು ಮುಂದೆ ಇಲ್ಲಿಯೂ ಎದುರಾಗುವ ಪ್ರಶ್ನೆ.

ಚರಿತ್ರೆಯ ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಬೋಲ್ಟನ್ ಮತ್ತು ವಾಟರ ಕರಾರುಗಳು, ನಕ್ಷೆಗಳು, ಪತ್ರಗಳು ಬರ್ಮಿಂಗ್‌ಹ್ಯಾಮಿನ ಗ್ರಂಥಾಲಯದಲ್ಲಿ ಇಂದಿಗೂ ಇವೆ. ಆದ್ದರಿಂದಲೇ ಅವರಿಗೂ ಗಣಿಯವರಿಗೂ ನಡುವೆ ಏನು ನಡೆಯಿತೆಂದು ಬರೆಯುವುದು ಸಾಧ್ಯವಾಗಿದೆ. ಇಂದಿನ ಕಾರಿನ ಷರತ್ತುಗಳು ಪರದೆಯ ಮೇಲೆ ಕಾಣಿಸಿಕೊಳ್ಳುತ್ತವೆ. ‘ಒಪ್ಪಿದ್ದೇನೆ’ ಎಂಬ ಗುಂಡಿಯನ್ನು ಒತ್ತಿದೊಡನೆ ಮರೆಯಾಗುತ್ತವೆ. ಮುಂದಿನ ಪರಿಷ್ಕರಣದಲ್ಲಿ ಹಳೆಯ ಪಾಠದ ಸ್ಥಾನದಲ್ಲಿ ಹೊಸ ಪಾಠ ಕುಳಿತಿರುತ್ತದೆ. ಕಾರು ಕೊಂಡ ದಿನ ಯಾವ ಪಾಠಕ್ಕೆ ಒಪ್ಪಿದ್ದೆವೆಂಬುದರ ಪ್ರತಿ ಕೊಂಡವರಲ್ಲಿ ಬಹುಮಂದಿಯ ಬಳಿ ಇರುವುದಿಲ್ಲ. ಈ ಪಾಠಗಳನ್ನು ತಾರೀಖಿನೊಂದಿಗೆ ಅಚ್ಚುಮಾಡಿ ಜೋಪಾನಮಾಡುವ ಕೆಲಸವನ್ನು ನಮ್ಮ ಕಾಲೇಜುಗಳ ವಾಣಿಜ್ಯ ಮತ್ತು ಚರಿತ್ರೆಯ ವಿಭಾಗಗಳು ಕೈಗೊಳ್ಳಬಹುದು. ಅದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಹತ್ತು ವರ್ಷಗಳ ಬಳಿಕ ಮಾಡಹೊರಟರೆ ಸಾಮಗ್ರಿ ಸಿಗಲಾರದು.